ಬೀಗರು ಹಿಡಿದ ಮೀನು

ಮೊನ್ನೆ ಉಪ್ಪಿನಕಾಯಿ ಭರಣಿ ಕೆಳಗಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ನಿವೃತ್ತಿಯಾದ ಮೇಲೆ ನಮ್ಮ ಮನೆಯಲ್ಲಿ ಎತ್ತರದಲ್ಲಿರುವ ಎಲ್ಲ ವಸ್ತುಗಳಿಗೂ ನಾನೇ ಅಧಿಕಾರಿ. ಭರಣಿಯ ಬಾಯಿಗೆ ಬಿಗಿದ ಬಟ್ಟೆ ಬಿಚ್ಚಿ ಝಾಡಿಸಿದರೆ, ಅದು ಬಟ್ಟೆಯಲ್ಲ, ಟೊಪ್ಪಿಗೆ. ಒಂದು ಕಾಲಕ್ಕೆ ಬಿಳಿಯದಿತ್ತು. ಮುಂಭಾಗದಲ್ಲಿ ಹಸಿರು ಅಕ್ಷರದಲ್ಲಿ ‘ಮೌನವೇ ಮೀನಿನ ಮೂಲ’ ಎಂದು ಅಚ್ಚಾಗಿದೆ. ಇದರ ಅರ್ಥವೇನು ಎಂದು ನನ್ನನ್ನು ಕೇಳಬೇಡಿ. ಅಚ್ಚು ಹಾಕಿಸಿದವರಿಗೂ ಗೊತ್ತಿರಲಿಲ್ಲ. ಆದರೆ ಆ ಟೊಪ್ಪಿಗೆ ಹಾಕಿಕೊಂಡು ನಾನು ಒಂದು ಇಡೀ ದಿನ ಬಾಯಿ ಮುಚ್ಚಿಕೊಂಡು ಕೂತಿದ್ದೆ ಎಂದರೆ ನಮ್ಮ ಓಣಿಯವರು ಇವತ್ತಿಗೂ ನಂಬುವುದಿಲ್ಲ.

ಅವರ ತಪ್ಪೇನೂ ಇಲ್ಲ ಬಿಡಿ. ನಾನು ಗದಗಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಹಾಗೆಂದರೆ ಬಸ್ಸುಗಳನ್ನು ಕಂಟ್ರೋಲ್ ಮಾಡುತ್ತಿದ್ದೆ ಎಂದಲ್ಲ. ಅವು ಯಾರ ಮಾತನ್ನೂ ಕೇಳುವ ಜಾತಿಯವಲ್ಲ. ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುತ್ತಿದ್ದೆ. ನಾನು ಕೂಗಿ ಮುಗಿಸುವಷ್ಟರಲ್ಲಿ ಅದು ಇನ್ನೆಲ್ಲೋ ನಿಂತಿರುತ್ತಿತ್ತು, ಆ ಮಾತು ಬೇರೆ. ಈಗಲೂ ಬೆಟಗೇರಿ ಸಂತೆಯಲ್ಲಿ ನಾನು ಬದನೆಕಾಯಿಯ ದರ ಕೇಳಿದರೆ ಸಾಕು, ದನಿಯ ಗುರುತು ಹಿಡಿದು ಹಿಂದಿನಿಂದ ಯಾರಾದರೂ “ಸಾಹೇಬ್ರ, ಮುಂಡರಗಿ ಗಾಡಿ ಹೋತೇನ್ರಿ?” ಅನ್ನುತ್ತಾರೆ. ನಾನೂ ಹಳೆಯ ಚಟದಿಂದ “ಈಗ ಬರ್ತೈತಿ, ನಿಂದರ್ರಿ” ಅಂದುಬಿಡುತ್ತೇನೆ. ಪಾಪ, ಕೆಲವರು ನಿಲ್ಲುತ್ತಾರೆ.

ಇಂಥವನ ಕೈಗೆ ಗಾಳ ಬಂದದ್ದು ಮಗಳ ಮದುವೆಯ ದೆಸೆಯಿಂದ.

ಮಗಳು ಸವಿತಾ ಇಲ್ಲೇ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಹುಡುಗ ಗಿರೀಶ ಲಕ್ಷ್ಮೇಶ್ವರದವನು, ಮುಂಡರಗಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ. ಕನ್ಯಾ ನೋಡುವ ಶಾಸ್ತ್ರವಾಯಿತು, ಉಪ್ಪಿಟ್ಟು ಶಿರಾ ಆಯಿತು. ಹುಡುಗ ಹುಡುಗಿ ಮಾತಾಡಿಕೊಂಡು ಬಂದು ಇಬ್ಬರೂ ನೆಲ ನೋಡುತ್ತ ನಕ್ಕದ್ದೂ ಆಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹುಡುಗನ ತಂದೆ ವೀರಭದ್ರಪ್ಪನವರು ನಿವೃತ್ತ ಹೆಡ್‌ಮಾಸ್ತರು. ಉತ್ತರಪತ್ರಿಕೆಯನ್ನು ಕೂಡಲೇ ತಿದ್ದಿ ಕೊಟ್ಟು ಅವರಿಗೆ ಅಭ್ಯಾಸವಿಲ್ಲ. “ವಿಚಾರ ಮಾಡಿ ಹೇಳ್ತೇವ್ರಿ” ಅಂದು ಹೋದವರು ತಿಂಗಳುಗಟ್ಟಲೆ ವಿಚಾರವನ್ನೇ ಮಾಡಿದರು. ಅಷ್ಟು ವಿಚಾರ ಮಾಡುವಂಥದ್ದು ನಮ್ಮ ಮನೆತನದಲ್ಲಿ ಏನಿದೆ ಎಂದು ನನಗೇ ಕುತೂಹಲ ಹುಟ್ಟಿತ್ತು. ಮಗಳು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಆದರೆ ಫೋನು ರಿಂಗಾದಾಗಲೆಲ್ಲ ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಲ್ಲುತ್ತಿತ್ತು.

ಒಂದು ದಿನ ಅವರದೇ ಫೋನು ಬಂತು.

“ಕಂಟ್ರೋಲರ್ ಸಾಹೇಬ್ರ, ಮುಂದಿನ ರವಿವಾರ ಹರ್ತಿ ಹಾದಿ ಕೆರಿ ಮ್ಯಾಲೆ ನಮ್ಮ ಬಳಗದ್ದು ಗಾಳದ ಸ್ಪರ್ಧಾ ಐತ್ರಿ. ಜೋಡಿ ಲೆಕ್ಕದಾಗ ಕುಂಡ್ರಬೇಕು. ನನ್ನ ಜೋಡಿಗೆ ನೀವು ಬರ್ರಿ.”

“ಸರ, ನಾವು ಮೀನಾ ಮಾಂಸಾ ಮುಟ್ಟಂಗಿಲ್ಲಲ್ರಿ?”

“ನಾವೂ ಮುಟ್ಟಂಗಿಲ್ರಿ! ನಮ್ಮ ಬಳಗದಾಗ ಯಾರೂ ತಿನ್ನಂಗಿಲ್ಲ. ಹಿಡಿಯೂದು, ತೂಗೂದು, ವಾಪಸ್ ನೀರಿಗೆ ಬಿಡೂದು. ಪೂರಾ ಅಹಿಂಸಾ. ಮುಖ್ಯ ಏನಂದ್ರ ಸಂಯಮ. ಮನುಷ್ಯಾನ ಗುಣಾ ಗಾಳ ಹಿಡದಾಗ ಗೊತ್ತಾಕ್ಕೈತ್ರಿ.”

ಮಾತಿನ ಮೊನೆ ಎಲ್ಲಿ ಚುಚ್ಚಬೇಕಿತ್ತೋ ಅಲ್ಲೇ ಚುಚ್ಚಿತು. ಫೋನಿಟ್ಟು ನೋಡಿದರೆ ನಮ್ಮಾಕಿ ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. “ಹೋಗ್ರಿ” ಅಂದಳು. “ಹೋಗಿ ಬಾಯಿ ಮುಚ್ಕೊಂಡು ಕುಂಡ್ರಿ. ಅವರು ಏನಂದ್ರೂ ಹೂಂ ಅನ್ರಿ. ಇಷ್ಟು ವರ್ಷ ಮಾತಾಡಿ ಏನ್ ಗಳಿಸೀರಿ? ಒಂದ್ ದಿನ ಸುಮ್ಮನಿದ್ದು ಮಗಳಿಗೆ ಒಂದು ಮನಿ ಗಳಿಸ್ರಿ.”

ಮೀನು ಹಿಡಿಯುವುದು ನನಗೆ ತೀರಾ ಹೊಸದೇನಲ್ಲ ಎಂದು ನಾನು ಸಮಾಧಾನ ಹೇಳಿಕೊಂಡೆ. ಸಣ್ಣವನಿದ್ದಾಗ ನಮ್ಮ ಅಜ್ಜಿಯ ಊರು ಕಳಸಾಪುರದಲ್ಲಿ ನಾನೂ ನನ್ನ ಸೋದರಮಾವನ ಮಗನೂ ಟವೆಲ್ಲಿನ ಎರಡು ತುದಿ ಹಿಡಿದು ಹಳ್ಳದಲ್ಲಿ ಮೀನುಮರಿ ಹಿಡಿಯುತ್ತಿದ್ದೆವು. ಒಮ್ಮೆ ಹಿಡಿದದ್ದನ್ನು ಅಜ್ಜಿಯ ತಾಮ್ರದ ತಂಬಿಗೆಯಲ್ಲಿ ಬಿಟ್ಟೆವು. ಆ ತಂಬಿಗೆ ಪೂಜೆಯದು ಎಂದು ನಮಗೆ ಗೊತ್ತಿರಲಿಲ್ಲ, ಅದರಲ್ಲಿ ಮೀನಿದೆ ಎಂದು ಅಜ್ಜಿಗೆ ಗೊತ್ತಿರಲಿಲ್ಲ. ಮರುದಿನ ಮುಂಜಾನೆ ಲಿಂಗದ ಮೇಲೆ ಮೂರು ಮರಿ ಕುಣಿದಾಡಿದವು. ಅಜ್ಜಿಯ ಕೈಯಲ್ಲಿ ಬಿದ್ದ ಏಟಿನ ಪರಿಣಾಮವೋ ಏನೋ, ನಾನು ಮೀನಿನ ಸಹವಾಸ ಬಿಟ್ಟು ಬಸ್ಸಿನ ಸಹವಾಸಕ್ಕೆ ಬಿದ್ದೆ.

ರವಿವಾರ ಮುಂಜಾನೆ ಹೆಡ್‌ಮಾಸ್ತರು ಲಕ್ಷ್ಮೇಶ್ವರದ ಬಸ್ಸಿಳಿದರು. ಬಿಳಿ ಅಂಗಿ, ಬಿಳಿ ಪೈಜಾಮ, ತಲೆಗೆ ಟೊಪ್ಪಿಗೆ. ನನಗೂ ಒಂದು ತಂದಿದ್ದರು. ಭುಜಕ್ಕೆ ಗಾಳದ ಚೀಲ, ಕೈಯಲ್ಲಿ ಇನ್ನೊಂದು ನೈಲಾನ್ ಚೀಲ, ಅದರೊಳಗೆ ಥರ್ಮಾಕೋಲಿನ ದೊಡ್ಡ ಡಬ್ಬಿ. ನಾನು ಇಸಿದುಕೊಳ್ಳಲು ಕೈ ಚಾಚಿದರೆ ಹೌಹಾರಿದರು.

“ಅದು ಬ್ಯಾಡ್ರಿ! ಅದರಾಗ ನನ್ನ ಇನ್ಸುಲಿನ್ ಐತಿ. ತಂಪಿರಬೇಕು.”

ಅವರನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ಡಬ್ಬಿ ನಮ್ಮಿಬ್ಬರ ನಡುವೆ ಕೂತಿತು. ಹರ್ತಿ ಹಾದಿಯುದ್ದಕ್ಕೂ ನನ್ನ ಬೆನ್ನು ತಣ್ಣಗಾಗುತ್ತ ಹೋಯಿತು. ಇಷ್ಟು ದೊಡ್ಡ ಡಬ್ಬಿಯ ಇನ್ಸುಲಿನ್ ಬೇಕೆಂದರೆ ಸಕ್ಕರೆ ಎಷ್ಟು ಏರಿರಬೇಕಪ್ಪಾ ಎಂದು ನಾನು ಮನಸಾರೆ ಮರುಗಿದೆ.

ಕೆರೆಯ ದಂಡೆಯಲ್ಲಿ ಶಾಮಿಯಾನ ಹಾಕಿದ್ದರು. ಬಳಗದ ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರು. ಉಳಿದವರು ವಕೀಲರು, ಪ್ರೊಫೆಸರರು, ಅರಳೆ ವ್ಯಾಪಾರಿಗಳು. ರಕ್ತದೊತ್ತಡ ಇಳಿಯಬೇಕಾದರೆ ನೀರಿನ ದಂಡೆಯಲ್ಲಿ ಕೂರಬೇಕೆಂದು ಯಾರೋ ಹೇಳಿದ್ದರಿಂದ ಹುಟ್ಟಿದ ಬಳಗವಂತೆ. ಅಧ್ಯಕ್ಷರು ಮೈಕಿನಲ್ಲಿ ಮೌನದ ಮಹತ್ವ ಕುರಿತು ಬಹಳ ಹೊತ್ತು ಮಾತಾಡಿದರು. ಆಮೇಲೆ ನಿಯಮ ಓದಿದರು: ಹಿಡಿದ ಮೀನು ಜೀವಂತ ಇರಬೇಕು, ನೀರಿನಲ್ಲೇ ಬಲೆಚೀಲದಲ್ಲಿ ಇಡಬೇಕು, ತೂಗಿದ ಮೇಲೆ ಎಲ್ಲರ ಎದುರು ಕೆರೆಗೆ ಬಿಡಬೇಕು. ಎರೆಹುಳ ಹಿಂಸೆಯಾದ್ದರಿಂದ ನಿಷಿದ್ಧ. ಗೋಧಿ ಕಣಕವನ್ನೇ ಗಾಳಕ್ಕೆ ಚುಚ್ಚತಕ್ಕದ್ದು. ಮೀನಿನ ತುಟಿಗೆ ಕೊಕ್ಕೆ ಚುಚ್ಚುವುದು ಮಾತ್ರ ಹಿಂಸೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ತೋರುತ್ತದೆ. ಅದರ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ.

ಅಲ್ಲೇ ಎಮ್ಮೆ ಮೈ ತೊಳೆಯುತ್ತಿದ್ದ ಒಬ್ಬ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು, “ಹಿಡದು ಮತ್ತ ಬಿಡೂದ ಇತ್ತಂದ್ರ ಹಿಡಿಯೂದ್ ಯಾಕ್ರಿ?” ಎಂದು ಕೇಳಿದಳು. ಪ್ರೊಫೆಸರರು ಆಕೆಗೆ ಏನೋ ವಿವರಿಸಿದರು. ಆಕೆ ಎಮ್ಮೆಗಿಂತ ಹೆಚ್ಚು ಗಮನವಿಟ್ಟು ಕೇಳಿದಳು, ಆದರೆ ತಿಳಿದದ್ದು ಇಬ್ಬರಿಗೂ ಸಮನಾಗಿಯೇ ಎಂದು ಕಾಣಿಸಿತು.

ಸೀಟಿ ಊದಿದರು. ಕೂತೆವು.

ಮಾತಾಡದೆ ಕೂರುವುದು ಎಂಥ ಶಿಕ್ಷೆ ಎಂದು ಮಾತಾಡದವರಿಗೆ ಹೇಗೆ ತಿಳಿಯಬೇಕು? ಮೊದಲು ಗಂಟಲು ಕೆರೆಯಿತು. ಆಮೇಲೆ ದವಡೆ ನೋಯಿತು. ಕೊಕ್ಕರೆಯೊಂದು ಬಂದು ಕೂತಾಗ “ನೋಡ್ರಿ ಸರ, ಕೊಕ್ಕರಿ” ಅಂದೆ. ಹೆಡ್‌ಮಾಸ್ತರು ಒಂದು ಬೆರಳು ತುಟಿಗೆ ಹಚ್ಚಿದರು. ಆ ಬೆರಳು ಎಷ್ಟು ತರಗತಿಗಳನ್ನು ತಣ್ಣಗೆ ಮಾಡಿದ್ದೋ ಏನೋ, ನಾನು ಕೈಕಟ್ಟಿ ಕೂತೆ. ಬಿಸಿಲು ಏರಿತು. ನನ್ನ ಗಾಳಕ್ಕೆ ಮೊದಲು ಒಂದು ಚಪ್ಪಲಿ, ಆಮೇಲೆ ನನ್ನದೇ ಅಂಗಿಯ ತೋಳು ಸಿಕ್ಕಿತು. ಹೆಡ್‌ಮಾಸ್ತರ ಗಾಳಕ್ಕೆ ಅದೂ ಸಿಗಲಿಲ್ಲ. ಆಚೆ ವಕೀಲರ ಜೋಡಿ ಬೆರಳುದ್ದದ ಒಂದು ಮೀನು ಹಿಡಿದು ಚಪ್ಪಾಳೆ ತಟ್ಟಿಸಿಕೊಂಡಿತು. ಹೆಡ್‌ಮಾಸ್ತರು ಅವರ ಕಡೆ ನೋಡಿದರು, ನೀರು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ನೀವು ಉಸಿರಾಡೂದ ಜೋರೈತ್ರಿ” ಅಂದರು.

ಸಂಬಂಧ ಹೋಯಿತು ಎಂದುಕೊಂಡೆ. ಉಸಿರೂ ಸಣ್ಣದಾಗಿ ಬಿಡತೊಡಗಿದೆ.

ಸ್ಪರ್ಧೆ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ, “ಶಾಮಿಯಾನದಾಗ ರೊಟ್ಟಿ, ಎಣ್ಣಿಗಾಯಿ ಮಾಡಿಸ್ಯಾರ. ನೀವು ಉಂಡು ಬರ್ರಿ, ನಾ ನೋಡ್ಕೋತೀನಿ” ಅಂದರು. ಹೊಟ್ಟೆ ಹಸಿದಿತ್ತು, ನಾಲಿಗೆ ಅದಕ್ಕಿಂತ ಹೆಚ್ಚು ಹಸಿದಿತ್ತು. ಓಡಿದೆ. ಬಡಿಸುವವನ ಜೊತೆ ಅವನ ಊರು, ಅವನ ಊರಿನ ಬಸ್ಸು, ಆ ಬಸ್ಸಿನ ಡ್ರೈವರು, ಎಲ್ಲ ಮಾತಾಡಿ ಹಗುರಾಗಿ ಬಂದೆ. ನೋಡಿದರೆ ನಮ್ಮ ಬಲೆಚೀಲದಲ್ಲಿ ಒಂದು ಭಾರಿ ಕಟ್ಲಾ ಮೀನು!

“ನೋಡ್ರಿ” ಅಂದರು ಹೆಡ್‌ಮಾಸ್ತರು, ನೀರಿನ ಮೇಲೇ ಕಣ್ಣಿಟ್ಟು. “ನೀವು ಆ ಕಡೆ ಹೋದ್ರಿ, ಮೌನ ಆತು. ಮೀನು ಬಂತು.”

ನನಗೆ ಖರೇ ಹೇಳಬೇಕೆಂದರೆ ಅಳು ಬಂದಂತಾಯಿತು. ಮುಂಜಾನೆಯಿಂದ ಮೀನು ಬರದಂತೆ ತಡೆದಿದ್ದು ನಾನೇ. ಅಷ್ಟರಲ್ಲಿ ಸೀಟಿ ಊದಿದರು. ಪ್ರಾಯಶ್ಚಿತ್ತ ಎಂಬಂತೆ ನಾನೇ ಬಲೆಚೀಲ ಎತ್ತಿ, ಜಾರದಂತೆ ಮೀನಿನ ಕೆಳಗೆ ಅಂಗೈ ಕೊಟ್ಟೆ. ಫ್ರಿಜ್ಜಿನಲ್ಲಿ ಕೈ ಇಟ್ಟಂತಾಯಿತು. ಕಾದ ಬಿಸಿಲು, ಉಗುರುಬೆಚ್ಚಗಿನ ಕೆರೆಯ ನೀರು, ಅದರಲ್ಲಿ ಬರ್ಫಿನಂಥ ಮೀನು! ಅದು ಬಾಲ ಅಲ್ಲಾಡಿಸಲಿಲ್ಲ, ಬಾಯಿ ತೆರೆಯಲಿಲ್ಲ. ಅಷ್ಟು ಸಂಯಮದ ಮೀನನ್ನು ನಾನು ಕಂಡಿದ್ದೇ ಇಲ್ಲ. ಕಣ್ಣು ತಾನಾಗಿ ಆ ಥರ್ಮಾಕೋಲ್ ಡಬ್ಬಿಯ ಕಡೆ ಹೊರಳಿತು. ಅದರ ಮುಚ್ಚಳ ತೆರೆದು ಬಿದ್ದಿತ್ತು. ಹೆಡ್‌ಮಾಸ್ತರು ಅದನ್ನು ಮೆಲ್ಲಗೆ ಕಾಲಿನಿಂದ ಸರಿಸಿದರು. ನಮ್ಮ ಕಣ್ಣುಗಳು ಕೂಡಿದವು.

ಏನು ಮಾಡಬೇಕಿತ್ತು ಹೇಳಿ? ‘ಸರ, ಇದು ಸತ್ತ ಮೀನು’ ಅಂದರೆ ಮಗಳ ಸಂಬಂಧ ಸಾಯುತ್ತದೆ. ನಮ್ಮಾಕಿಯ ಮುಖ ನೆನಪಾಯಿತು, ಸಪ್ಪಳ ನಿಲ್ಲುವ ಅಡುಗೆಮನೆ ನೆನಪಾಯಿತು. “ಭಾಳ ಚಲೋ ಮೀನ ಐತ್ರಿ ಸರ” ಅಂದೆ.

ತಕ್ಕಡಿಯ ಹತ್ತಿರ ಅಧ್ಯಕ್ಷರು ಹಲ್ಲು ಕೀಳುವಾಗಿನ ರಬ್ಬರಿನ ಕೈಗವಸು ತೊಟ್ಟು ನಿಂತಿದ್ದರು, ಮೀನು ಮುಟ್ಟಲು ಹೇಸಿಗೆ ಎಂದು. ಹಾಗಾಗಿ ಅವರಿಗೆ ತಂಪು ಬಿಸಿ ಯಾವುದೂ ತಿಳಿಯಲಿಲ್ಲ. ಉಳಿದವರು ಮೂಗು ಮುಚ್ಚಿಕೊಂಡು ದೂರ ನಿಂತಿದ್ದರು. ವಕೀಲರ ಮೀನನ್ನು ಹಾಕಿದಾಗ ತಕ್ಕಡಿಯ ಮುಳ್ಳು ಅಲ್ಲಾಡಲೇ ಇಲ್ಲ. “ಮೀನ ಹಾಕೀರೇನ್ರಿ?” ಎಂದು ಕೇಳಬೇಕಾಯಿತು. ನಮ್ಮದು ಹಾಕಿದಾಗ ಮುಳ್ಳು ಜಿಗಿಯಿತು, ಜನ ಹೋ ಎಂದರು. ಅಧ್ಯಕ್ಷರಿಗೆ ನನ್ನ ಗುರುತು ಆಗಲೇ ಸಿಕ್ಕಿತ್ತು. “ಬಸ್ ಸ್ಟ್ಯಾಂಡಿನ ಸಾಹೇಬ್ರ, ಫಲಿತಾಂಶ ನಿಮ್ಮ ದನಿಯಾಗ ಆಗ್ಲಿ!” ಎಂದು ಮೈಕನ್ನು ನನ್ನ ಕೈಗೇ ಕೊಟ್ಟರು.

ಮೈಕು ಕೈಗೆ ಬಂದರೆ ನನ್ನ ಆತ್ಮಸಾಕ್ಷಿ ಊಟಕ್ಕೆ ಹೋಗುತ್ತದೆ. ಅದು ನೌಕರಿಯ ಗುಣ. “ಪ್ರಥಮ ಸ್ಥಾನ, ಲಕ್ಷ್ಮೇಶ್ವರದ ನಿವೃತ್ತ ಹೆಡ್‌ಮಾಸ್ತರರಾದ ವೀರಭದ್ರಪ್ಪನವರು!” ಎಂದು ಹರ್ತಿಯವರೆಗೆ ಕೇಳುವಂತೆ ಕೂಗಿದೆ. ಹೆಡ್‌ಮಾಸ್ತರು ಕೈ ಮುಗಿದರು.

ಆಮೇಲೆ ಮೀನು ಬಿಡುವ ಕಾರ್ಯಕ್ರಮ. ಅದನ್ನು ನಾವಿಬ್ಬರೂ ಮರೆತೇಬಿಟ್ಟಿದ್ದೆವು.

ವಕೀಲರ ಮೀನುಮರಿ ಚಂಗನೆ ಹಾರಿ ಹೋಯಿತು. ಪ್ರೊಫೆಸರರದು ಬಾಲ ಬೀಸಿ ಮುಳುಗಿತು. ನಮ್ಮ ಕಟ್ಲಾವನ್ನು ಅಧ್ಯಕ್ಷರು ಬಹಳ ಗೌರವದಿಂದ ನೀರಿಗೆ ಬಿಟ್ಟರು. ಅದು ಒಂದು ಸುತ್ತು ಹೊರಳಿ, ಬಿಳಿಯ ಹೊಟ್ಟೆ ಮೇಲೆ ಮಾಡಿ ತೇಲಿತು. ಎಲ್ಲರೂ ಚಪ್ಪಾಳೆಗೆಂದು ಎತ್ತಿದ ಕೈ ಹಾಗೇ ಹಿಡಿದು ಕಾದರು. ಎಮ್ಮೆ ತೊಳೆಯುವ ಹೆಂಗಸು ಮಾತ್ರ, “ಅದು ನಿನ್ನೆನ ಸತ್ತೈತ್ರೀ” ಅಂದಳು.

ಆಗ ಹೆಡ್‌ಮಾಸ್ತರು ಗಂಟಲು ಸರಿಮಾಡಿಕೊಂಡು ಹೇಳಿದರು: “ಏನ್ ಮಾಡೂದ್ರಿ, ನಮ್ಮ ಸಾಹೇಬ್ರಿಗೆ ಇದು ಹೊಸಾದು. ಮೀನ ಹಿಡಿಯಾಕ ಬರಂಗಿಲ್ಲ. ಗಟ್ಟ್ಯಾಗಿ ಹಿಸುಕಿ ಎತ್ತಿದ್ರು, ಪಾಪ ಅದು ಪ್ರಾಣಾ ಬಿಡ್ತು.”

ಎಲ್ಲ ಟೊಪ್ಪಿಗೆಗಳೂ ನನ್ನತ್ತ ತಿರುಗಿದವು. ಮೂವತ್ತು ವರ್ಷ ಬಸ್ಸು ತಡವಾದದ್ದಕ್ಕೆಲ್ಲ ಬೈಸಿಕೊಂಡ ಮುಖ ಇದು. ಆದರೆ ಕೊಲೆಗಾರ ಅನ್ನಿಸಿಕೊಂಡದ್ದು ಅದೇ ಮೊದಲು. ಪ್ರೊಫೆಸರರ ಹೆಂಡತಿ ‘ಶಿವಾ ಶಿವಾ’ ಅಂದರು. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಬಾಯಿ ತೆರೆದೆ. ಮಗಳು ನೆನಪಾದಳು. ಮುಚ್ಚಿದೆ.

“ಅಪ್ಪಾ.”

ದಂಡೆಯ ಮೇಲಿನಿಂದ ದನಿ ಬಂತು. ಗಿರೀಶ. ಅಂಗಡಿ ಮುಚ್ಚಿ ತಂದೆಯನ್ನು ಕರೆದೊಯ್ಯಲು ಬೈಕಿನ ಮೇಲೆ ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

“ಅಪ್ಪಾ, ಕಾಕಾರ ಅದನ್ನ ಕೊಂದಿಲ್ರಿ. ಅದು ನಿನ್ನೆ ನಾನ ಗದಗಿನ ಮಾರ್ಕೆಟ್‌ನಾಗ ತಂದಿದ್ದು. ಗೆಳೆಯಾರಿಗೆ ಕೊಡಬೇಕು, ಬರ್ಫಿನಾಗ ಇಟ್ಟು ತಗೊಂಡ್ ಬಾ ಅಂದಿದ್ರಿ ನೀವು. ಈ ಸ್ಪರ್ಧಾಕ್ಕ ಅಂತ ನನಗ ಗೊತ್ತಿರ್ಲಿಲ್ಲ.”

ಅವನ ದನಿ ಏರಲಿಲ್ಲ. ಆದರೆ ಮುಖ ಕೆಂಪಾಗಿತ್ತು. ತಂದೆಯ ಎದುರು ಈ ಮೊದಲು ಅವನು ಇಷ್ಟು ಮಾತಾಡಿದ್ದನೋ ಇಲ್ಲವೋ. ಹೇಳಿ ಮುಗಿಸಿದವನೇ ಚಪ್ಪಲಿ ಬಿಟ್ಟು, ಪ್ಯಾಂಟನ್ನು ಮಡಚದೆ ಹಾಗೇ ಸೊಂಟದ ಮಟ್ಟ ನೀರಿಗಿಳಿದ. ತೇಲುತ್ತಿದ್ದ ಮೀನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಮೂಗು ಮುಚ್ಚಿಕೊಂಡ ಅಷ್ಟೂ ಜನರ ನಡುವೆ ಹಾದು ಹೋಗಿ ಆ ಹೆಂಗಸಿಗೆ, “ಅವ್ವಾ, ನಿಮಗ ಬೇಕಾತೇನ್ರಿ?” ಎಂದು ಕೇಳಿದ. ಆಕೆ ಸೆರಗಿನಲ್ಲಿ ಸುತ್ತಿಕೊಂಡಳು. ಆ ದಿನ ಮೀನಿನಿಂದ ಉಪಯೋಗ ಕಂಡವಳು ಆಕೆಯೊಬ್ಬಳೇ.

ಅಧ್ಯಕ್ಷರು ‘ಈ ಸಲದ ಪ್ರಶಸ್ತಿಯನ್ನು ಪ್ರಕೃತಿಗೆ ಅರ್ಪಿಸಲಾಗಿದೆ’ ಎಂಬಂಥದ್ದೇನೋ ಹೇಳಿ ಶಾಮಿಯಾನ ಬಿಚ್ಚಿಸಿದರು. ಜನ ಕಾರು ಹತ್ತಿದರು. ಹೆಡ್‌ಮಾಸ್ತರು ಕಾಣಲಿಲ್ಲ. ಹುಡುಕಿದರೆ ಬೇವಿನ ಮರದ ಆಚೆ ಕಲ್ಲಿನ ಮೇಲೆ ಕೂತಿದ್ದರು. ಟೊಪ್ಪಿಗೆ ತೆಗೆದಿದ್ದರು. ಟೊಪ್ಪಿಗೆ ಇಲ್ಲದೆ ಬಹಳ ಸಣ್ಣವರಾಗಿ ಕಂಡರು.

ಚುಚ್ಚಿ ಮಾತಾಡಬೇಕೆಂದೇ ಹೋಗಿದ್ದೆ. ಎರಡು ಮೂರು ಮಾತು ಹದಮಾಡಿಕೊಂಡೂ ಇದ್ದೆ. ಅವರೇ ಮೊದಲು ಬಾಯಿ ತೆರೆದರು.

“ಐದು ವರ್ಷಾತ್ರಿ ಈ ಬಳಗಕ್ಕ ಬಂದು. ಒಂದೂ ಮೀನ ಬಿದ್ದಿಲ್ಲ ನನಗ. ಇವತ್ತ ನೀವು ಬರೂರಿದ್ರಿ.”

“ನಾ ಬಂದ್ರ ಏನಾತ್ರಿ ಸರ?”

“ನೀವು ಗದಗಿನ್ಯಾಗ ಎಲ್ಲಾರಿಗೂ ಗೊತ್ತಿದ್ದವರು. ಕನ್ಯಾ ನೋಡಾಕ ಬಂದ ದಿನ ನಿಮ್ಮ ಮನಿ ತನಕ ಬರೂದ್ರಾಗ ಹಾದಿಮ್ಯಾಲೆ ಎಷ್ಟ್ ಮಂದಿ ನಿಮಗ ನಮಸ್ಕಾರ ಮಾಡಿದ್ರು! ನಾ ರಿಟೈರ್ ಆದ ಮ್ಯಾಲೆ ನಮ್ಮೂರಾಗ ಹುಡುಗ್ರು ಸೈಕಲ್ ಇಳ್ಯೂದನ್ನೂ ಬಿಟ್ಟಾರ. ಹೂಂ ಅನ್ನೂಕ್ಕಿಂತ ಮೊದಲ ನಿಮ್ಮ ಮುಂದ ಒಂದ್ ಏನರ ಗೆದ್ದು ತೋರಿಸಬೇಕನಿಸ್ತು.” ಟೊಪ್ಪಿಗೆಯನ್ನು ಮಡಚುತ್ತ, “ಕಡೀಕ ನಿಮ್ಮ ಮ್ಯಾಲೇ ಹಾಕಿದ್ನಿ. ನಾಲಿಗಿ ಹೆಂಗ್ ಹೊಳ್ಳಿತೋ” ಅಂದರು.

ನಾನು ಅವರಿಗೆ ಹೆದರಿ ಉಸಿರು ಸಣ್ಣಗೆ ಬಿಟ್ಟಿದ್ದೆ. ಅವರು ನನಗೆ ಹೆದರಿ ಮಾರ್ಕೆಟ್ಟಿನಿಂದ ಮೀನು ತರಿಸಿದ್ದರು. ಹದಮಾಡಿಕೊಂಡ ಮಾತುಗಳು ಎಲ್ಲಿ ಹೋದವೋ ತಿಳಿಯಲಿಲ್ಲ.

“ಹಂಗಾರ... ಸಂಬಂಧದ್ದು?” ಎಂದು ಅವರೇ ಕೇಳಿದರು. ಈಗ ಕೇಳುವ ಸರದಿ ಅವರದಾಗಿತ್ತು. ‘ವಿಚಾರ ಮಾಡಿ ಹೇಳ್ತೇವ್ರಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಎಂಥ ರುಚಿಯ ಮಾತು! ಆದರೆ ಆಚೆ ಬೈಕಿನ ಹತ್ತಿರ ಆ ಹುಡುಗ ತಂದೆಗೆ ಮುಖ ತೋರಿಸಲಾರದೆ ಬೆನ್ನು ತಿರುಗಿಸಿ ನಿಂತಿದ್ದ. ಪ್ಯಾಂಟಿನಿಂದ ನೀರು ಸೋರುತ್ತಿತ್ತು.

“ಮನಿಗೆ ನಡ್ರಿ, ಚಾ ಕುಡ್ಯೂಣು” ಅಂದೆ. “ನನ್ನ ಕೇಳಿ ಏನ್ ಮಾಡ್ತೀರಿ, ಆಕಿನ್ನ ಕೇಳ್ರಿ.”

ಬಾಗಿಲು ತೆರೆದವಳು ಸವಿತಾನೇ. ಎದುರಿಗೆ ಕೆರೆಯ ವಾಸನೆ ಹೊಡೆಯುವ ಮೂವರು ಗಂಡಸರು. “ಏನಾತಪ್ಪಾ?” ಅಂದಳು. ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ತರು ಹೊಸ್ತಿಲಾಚೆ ನಿಂತುಕೊಂಡೇ ಮಾರ್ಕೆಟ್ಟಿನ ಮೀನಿನಿಂದ ಹಿಡಿದು ನನ್ನ ಮೇಲೆ ಹೊರಿಸಿದ ಕೊಲೆಯವರೆಗೆ ಒಂದನ್ನೂ ಬಿಡದೆ ಹೇಳಿದರು. ಮಗ ನೀರಿಗಿಳಿದದ್ದನ್ನು ಮಾತ್ರ ಎರಡು ಸಲ ಹೇಳಿದರು. ಗಿರಿಜಾ ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಗಿರೀಶ ತಲೆ ತಗ್ಗಿಸಿ ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂರಲು ಹೋದ. ಸವಿತಾ ತಡೆದಳು.

“ಒದ್ದಿ ಪ್ಯಾಂಟಿನ್ಯಾಗ ಕುಂಡ್ರಬ್ಯಾಡ್ರಿ. ತಡೀರಿ, ಅಪ್ಪನ ಲುಂಗಿ ಕೊಡ್ತೀನಿ.”

ಗಿರಿಜಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು, ಚಹಾಕ್ಕೆ ಸಕ್ಕರೆ ಜಾಸ್ತಿಯೇ ಹಾಕಲು. ಲುಂಗಿಯೇ ಉತ್ತರವೆಂದು ಹೆಡ್‌ಮಾಸ್ತರಿಗೆ ತಿಳಿಯಲಿಲ್ಲ, ಹುಡುಗಿ ಏನಾದರೂ ಹೇಳಿಯಾಳೆಂದು ಇನ್ನೂ ಬಾಗಿಲಲ್ಲೇ ಕಾಯುತ್ತಿದ್ದರು. “ಬರ್ರಿ ಬೀಗರ, ಒಳಗ ಬರ್ರಿ” ಎಂದು ನಾನೇ ಅವರ ಕೈ ಹಿಡಿದು ಕರೆತಂದೆ.

ಸವಿತಾ ಕಪಾಟಿನಿಂದ ಹುಡುಕಿ ತೆಗೆದುಕೊಟ್ಟದ್ದು ನಾನು ಇನ್ನೂ ಒಮ್ಮೆಯೂ ಉಡದ ಹೊಸ ಲುಂಗಿ. ಮದುವೆಯಾಗಿ ವರ್ಷವಾಯಿತು, ಅದು ಅಳಿಯನ ಹತ್ತಿರ ಮುಂಡರಗಿಯಲ್ಲೇ ಇದೆ.